ಹೂವಪ್ಪಣ್ಣ ಕೈಗೆ ಕೊಟ್ಟ ಕಾಯಿ

ಮಳೆ ಇರ್ಲಿಲ್ಲ, ಅಂಥಾ ಬಿಸಿಲೂ ಇರ್ಲಿಲ್ಲ. ಆದ್ರೂ ಗದ್ದೆ ಮಧ್ಯ ಹೂವಪ್ಪಣ್ಣ ಕೊಡೆ ಬಿಚ್ಚಿ ನಿಂತ್ರು ಅಂದ್ರೆ ಅಲ್ಲಿದ್ದ ಒಬ್ಬನೂ ಬಂದೂಕು ಮುಟ್ಟೋ ಹಾಗಿಲ್ಲ. ಕರೀ ಕೊಡೆ. ಅದ್ರ ಮೇಲೆ ನಾಲ್ಕೂ ಕಡೆ ಕೆಂಪು ಬಟ್ಟೆ ತುಂಡು ಹೊಲಿದಿತ್ತು, ಅವ್ರ ಹೆಂಡ್ತಿ ಸುಶೀಲಕ್ಕನ ಹಳೇ ಸೀರೇದು. ಕೊಡೆ ಬಿಚ್ಚಿದ್ರೆ ಬಂದೂಕು ಮೇಜಿನ ಮೇಲೆ, ಮಡಚಿದ್ರೆ ಹೊಡೀಬಹುದು. ಇಷ್ಟೇ ಕಾನೂನು. ಮೈಕಲ್ಲಿ ಕೂಗಿದ್ರೆ ಅರ್ಧ ಜನಕ್ಕೆ ಕೇಳ್ಸಲ್ಲ, ಇನ್ನರ್ಧ ಜನ ತಮಗಲ್ಲ ಅಂದ್ಕೋತಾರೆ ಅಂತ ಅವ್ರೇ ಮಾಡ್ಕೊಂಡ ಏರ್ಪಾಡು.

ನಮ್ಮ ಜಾವಳಿ ಕಡೆ ಭತ್ತದ ಕೊಯ್ಲು ಮುಗಿದ ಮೇಲೆ ವರ್ಷಕ್ಕೊಂದ್ಸಲ ತೆಂಗಿನಕಾಯಿಗೆ ಗುಂಡು ಹೊಡೆಯೋ ಸ್ಪರ್ಧೆ ಇರುತ್ತೆ. ಗದ್ದೆ ಆ ತುದೀಲಿ ಎತ್ತರದ ಮಣ್ಣಿನ ದರೆ, ಅದ್ರ ಮುಂದೆ ಹಗ್ಗಕ್ಕೆ ಕಟ್ಟಿದ ಕಾಯಿ. ಈ ತುದೀಲಿ ಮೇಜು, ಸ್ಪರ್ಧೆ ನಡೆಸೋ ನಮ್ಮೂರ ಸಂಘದ ರೈಫಲ್ಲು, ಸಾಲಾಗಿ ನಿಂತ ಜನ. ಪೊಲೀಸ್ ಪರ್ಮಿಷನ್ ಎಲ್ಲ ತಗೊಂಡೇ ಮಾಡೋದು. ಹೊಡೆದ ಕಾಯಿ ಹೊಡೆದವನಿಗೇ. ಜಾಸ್ತಿ ಹೊಡೆದವನಿಗೆ ಬಹುಮಾನದ ಕಪ್ಪು.

ಹೂವಪ್ಪಣ್ಣ ಎಸ್ಟೇಟಲ್ಲಿ ಮೂವತ್ತು ವರ್ಷ ಮೇಸ್ತ್ರಿ ಆಗಿದ್ದೋರು. ಆಳುಗಳನ್ನ ಕೆಲಸಕ್ಕೆ ಹಚ್ಚೋದು, ಜಗಳ ಬಿಡ್ಸೋದು, ಎಲ್ಲ ಅವ್ರದೇ. ಕುಳ್ಳು ಆಸಾಮಿ. ಖಾಕಿ ಚಡ್ಡಿ, ಮೇಲೆ ಮದ್ವೆಗೆ ಹಾಕೋ ಅಂಥ ಬಿಳೀ ಶರ್ಟು. ಸ್ವಂತ ಬಂದೂಕಿಲ್ಲ, ಒಂದ್ಸಲನೂ ಗುಂಡು ಹೊಡೆದವರಲ್ಲ. ಹಾಗಾದ್ರೆ ಇವ್ರನ್ನ ಯಾಕೆ ನಿಲ್ಸಿದ್ರು ಅಂತ ಹೊಸಬ್ರು ಕೇಳೋರು. ಅವ್ರೇ ಉತ್ತರ ಹೇಳೋರು: "ನಂಗೆ ಹೊಡೆಯೋ ಆಸೆ ಇಲ್ಲ ಮಾರಾಯ. ಅದಕ್ಕೇ ನನ್ನ ಕಣ್ಣು ಕಾಯಿ ಮೇಲಿರಲ್ಲ, ನಿಮ್ಮ ಕೈ ಮೇಲಿರುತ್ತೆ."

ಅವ್ರ ಕೈಗೆ ಮೊದ್ಲು ಸಿಕ್ಕಿದವ್ರಲ್ಲಿ ನಾನೂ ಒಬ್ಬ. ನಾನು ಮೂಡಿಗೆರೆ ಸ್ಟ್ಯಾಂಡಲ್ಲಿ ಜೀಪ್ ಓಡಿಸೋನು. ಆ ವರ್ಷ ಹೊಸದಾಗಿ ಮದ್ವೆ ಆಗಿತ್ತು. ಹೊಡೆದು ಕಾಯಿ ತರ್ತೀನಿ ಅಂತ ಹೆಂಡ್ತಿ ಸವಿತಾಗೆ ಜಂಬ ಕೊಚ್ಚಿ ಬಂದಿದ್ದೆ. ಮೇಜಿನ ಹತ್ರ ನಿಂತು, ಉಸಿರು ಹಿಡಿದು, ಬಂದೂಕಿನ ಕುದುರೆ ಎಳೆದೆ. ಟಿಕ್ ಅಂತು ಅಷ್ಟೇ, ಗುಂಡು ಹಾರ್ಲಿಲ್ಲ. ನಾನು ಬಂದೂಕು ಹಿಡ್ಕೊಂಡೇ ಹಿಂದೆ ತಿರುಗಿ "ಅಣ್ಣಾ, ಇದು ಹೋಗ್ತಾ ಇಲ್ವಲ್ಲ!" ಅಂದೆ.

ಹಿಂದೆ ಇದ್ದ ಜನ ಎಲ್ಲ ಒಟ್ಟಿಗೇ ಕೂತ್‌ಬಿಟ್ರು. ಐಸ್‌ಕ್ರೀಮ್ ಮಾರೋನು ಡಬ್ಬದ ಹಿಂದೆ ಮಾಯ. ಹೂವಪ್ಪಣ್ಣ ಮಾತ್ರ ಓಡ್ಲಿಲ್ಲ, ಬೈಲಿಲ್ಲ. ಪಕ್ಕದಿಂದ ಬಂದು ನಳಿಗೆ ಮೇಲೆ ಅಂಗೈ ಇಟ್ಟು ದರೆ ಕಡೆ ತಿರುಗಿಸಿದ್ರು. ಬಂದೂಕು ಬಿಡಿಸ್ಕೊಂಡ್ರು. ನನ್ನ ಎರಡೂ ಕೈ ಖಾಲಿ ಆದ ತಕ್ಷಣ ಅದ್ರಲ್ಲಿ ಒಂದು ತೆಂಗಿನಕಾಯಿ ಇಟ್ರು.

"ಹಿಡ್ಕೊ. ಸ್ಪರ್ಧೆ ಮುಗಿಯೋ ತನಕ ಕೆಳಗಿಡ್ಬೇಡ."

ಅದೇ ಅವ್ರ ಶಿಕ್ಷೆ. ಕಾಯಿ ಸಿಕ್ಕಿದವನು ಅವತ್ತು ಬಂದೂಕು ಮುಟ್ಟಂಗಿಲ್ಲ. ಕೈ ತುಂಬ ಕಾಯಿ ಇಟ್ಕೊಂಡು ಎಲ್ಲರ ಎದುರು ನಿಲ್ಬೇಕು. ಮಗು ಎತ್ಕೊಂಡ ಹಾಗೆ ಕಾಣುತ್ತೆ. ಹೋಗೋ ಬರೋರೆಲ್ಲ ಬಗ್ಗಿ ನೋಡಿ "ಏನ್ ಮಾರಾಯ, ಗಂಡೋ ಹೆಣ್ಣೋ?" ಅಂತ ಕೇಳ್ತಾರೆ. ಸಾಯಂಕಾಲ ಆ ಕಾಯಿ ಮನೆಗೆ ತಗೊಂಡು ಹೋಗ್ಬಹುದು.

ತಗೊಂಡು ಹೋದೆ. ಸವಿತಾ ಬಾಗಿಲಲ್ಲೇ ನಿಂತಿದ್ಲು. "ಹೊಡೆದ್ರಾ?" ಅಂದ್ಲು. "ಹೂಂ" ಅಂದೆ. ರಾತ್ರಿ ಚಟ್ನಿ ಚೆನ್ನಾಗಿತ್ತು.

ಇದನ್ನ ಆಮೇಲೆ ಹೂವಪ್ಪಣ್ಣಂಗೆ ಮಾತ್ರ ಹೇಳಿದ್ದೆ. ನಕ್ಕು ನಕ್ಕು ಅವ್ರಿಗೆ ಬಿಕ್ಕಳಿಕೆ ಬಂತು. ಯಾಕಣ್ಣ ನೀವು ಬೈಯಲ್ಲ ಅಂತ ಕೇಳ್ದೆ. "ಬಂದೂಕು ಹಿಡ್ಕೊಂಡವನ ಹತ್ರ ಏನು ಜಗಳ? ಮೊದ್ಲು ಕೈಗೆ ಬೇರೆ ಕೆಲಸ ಕೊಡ್ಬೇಕು. ತೋಟದಲ್ಲಿ ಇಬ್ರು ಕತ್ತಿ ಹಿಡ್ಕೊಂಡು ಜಗಳಕ್ಕೆ ನಿಂತ್ರೆ ನಾನು ನ್ಯಾಯ ಕೇಳ್ತಿರ್ಲಿಲ್ಲ. ಒಬ್ಬಂಗೆ ಬುಟ್ಟಿ, ಇನ್ನೊಬ್ಬಂಗೆ ಏಣಿ ಹೊರ್ಸೋದು. ಹೊತ್ಕೊಂಡು ಎಷ್ಟು ಹೊತ್ತು ಸಿಟ್ಟು ಮಾಡ್ತಾರೆ?"

ನಾನು ಮೂವತ್ತನಾಲ್ಕನೇ ವಯಸ್ಸಲ್ಲಿ ಹತ್ತನೇ ಕ್ಲಾಸು ಪಾಸು ಮಾಡ್ದೆ. ಸಂಘಕ್ಕೆ ಅರ್ಜಿ ಬರೆಯೋಕೆ ಒಬ್ಬ ಬೇಕಿತ್ತು, ನನ್ನನ್ನೇ ಕಾರ್ಯದರ್ಶಿ ಮಾಡಿದ್ರು. ಹಾಗಾಗಿ ಆ ದೊಡ್ಡ ಗಲಾಟೆ ದಿನ ನಾನು ಹೂವಪ್ಪಣ್ಣನ ಪಕ್ಕದಲ್ಲೇ ಇದ್ದೆ.

ಆ ವರ್ಷ ಕಪ್ಪು ಕೊಡಿಸಿದ್ದು ಹೂವಪ್ಪಣ್ಣ ಕೆಲಸ ಮಾಡಿದ್ದ ಎಸ್ಟೇಟಿನ ಧಣಿ, ಶಾಂತರಾಜ ಗೌಡ್ರು. ರಿಟೈರ್ ಆದ್ಮೇಲೂ ಹೂವಪ್ಪಣ್ಣ, ಸುಶೀಲಕ್ಕ ಇದ್ದಿದ್ದು ಅವ್ರು ಆಳುಗಳಿಗೆ ಕಟ್ಟಿಸಿದ್ದ ಲೈನ್ ಮನೇಲೇ. ಬೇರೆ ಮನೆ ಇರ್ಲಿಲ್ಲ. ಗೌಡ್ರು ಮಧ್ಯಾಹ್ನ ಊಟದ ಜೊತೆ ಸ್ವಲ್ಪ ಜಾಸ್ತೀನೇ ತಗೊಂಡಿದ್ರು. ತಮ್ಮದೇ ರೈಫಲ್ ತಂದು ಮೇಜಿನ ಹತ್ರ ನಿಂತ್ರು. ಅಷ್ಟರಲ್ಲಿ ಸಂಘದ ಇಬ್ರು ಹೊಸ ಕಾಯಿ ಕಟ್ಟೋಕೆ ದರೆ ಹತ್ರ ಹೋಗಿದ್ರು, ಹೂವಪ್ಪಣ್ಣ ಕೊಡೆ ಬಿಚ್ಚಿದ್ರು.

ಗೌಡ್ರು ಬಂದೂಕು ಇಡ್ಲಿಲ್ಲ. ಗುಂಡು ಹಾಕಿದ್ರು.

"ಧಣಿ, ಮೇಜಿನ ಮೇಲಿಡಿ. ಜನ ಅವ್ರೆ ಅಲ್ಲಿ."

"ನನ್ನ ಕಣ್ಣೇನು ಹೋಗಿದ್ಯಾ? ಕೊಡೆ ಮಡಚೋ ಹೂವಪ್ಪ."

"ಆಗಲ್ಲ ಧಣಿ."

"ಆಗಲ್ವಾ? ನನ್ನ ಲೈನಲ್ಲಿ ಮಲಗೋನು ನಂಗೇ ಆಗಲ್ಲ ಅಂತೀಯಾ? ನಾಳೆ ಎಲ್ಲಿ ಮಲಗ್ತೀಯ ನೋಡ್ತೀನಿ!"

ಹೂವಪ್ಪಣ್ಣ ಕೊಡೆ ನನ್ನ ಕೈಗೆ ಕೊಟ್ಟು, "ಹಿಡ್ಕೊ. ಯಾರು ಹೇಳಿದ್ರೂ ಮಡಚ್ಬೇಡ" ಅಂದು ಪಕ್ಕದಲ್ಲಿ ಹಾಕಿದ್ದ ಚಪ್ಪರದ ಕಡೆ ನಡೆದ್ರು. ಗೌಡ್ರು ನನ್ನ ಕಡೆ ತಿರುಗಿ "ಏ ಜೀಪು, ಮಡಚೋ ಅದನ್ನ!" ಅಂದ್ರು. ನಾನು ಎರಡೂ ಕೈಯಲ್ಲಿ ಕೊಡೆ ಕೋಲು ಹಿಡ್ಕೊಂಡೆ. ಮಡಚ್ಲಿಲ್ಲ.

ಹೂವಪ್ಪಣ್ಣ ವಾಪಸ್ ಬಂದ್ರು. ತಟ್ಟೇಲಿ ವೀಳ್ಯದೆಲೆ, ಅಡಿಕೆ, ಒಂದು ತೆಂಗಿನಕಾಯಿ. ಪಕ್ಕದಿಂದಲೇ ಬಂದು, ಬಗ್ಗಿ, ಎರಡೂ ಕೈಯಲ್ಲಿ ಮುಂದೆ ಹಿಡಿದ್ರು. "ಕಪ್ಪು ಕೊಟ್ಟೋರಿಗೆ ಮರ್ಯಾದೆ ಮಾಡೋದು ಮರ್ತೇ ಹೋಗಿತ್ತು ಧಣಿ. ತಪ್ಪಾಯ್ತು. ತಗೋಬೇಕು."

ಎಲೆ ಅಡಿಕೆ ಕಾಯಿ ಮುಂದೆ ಬಂದ್ರೆ ನಮ್ಮ ಕಡೆ ಎಂಥ ದೊಡ್ಡೋರೂ ಎರಡೂ ಕೈ ಚಾಚ್ತಾರೆ. ಹುಟ್ಟಿದಾಗಿಂದ ಬಂದ ಅಭ್ಯಾಸ, ಕುಡಿದಿದ್ರೂ ಬಿಡಲ್ಲ. ಗೌಡ್ರು ಬಂದೂಕನ್ನ ಮೇಜಿನ ಮೇಲಿಟ್ಟು ಎರಡೂ ಕೈಯಲ್ಲಿ ತಟ್ಟೆ ತಗೊಂಡ್ರು. ಹೂವಪ್ಪಣ್ಣ ಆ ಕಡೆ ಕೈ ಹಾಕಿ ಬೋಲ್ಟ್ ಎಳೆದು ಗುಂಡು ತೆಗೆದು ಜೇಬಿಗೆ ಹಾಕ್ಕೊಂಡ್ರು.

ಆಗ ಗೌಡ್ರು ಕೈಯಲ್ಲಿರೋ ಕಾಯಿ ನೋಡಿದ್ರು. ನಾವೆಲ್ಲ ಆ ಕಾಯಿ ನೋಡ್ತಿದ್ವಿ. ಹಿಂದಿಂದ ಯಾರೋ ಸಣ್ಣ ದನಿಯಲ್ಲಿ "ಗಂಡೋ, ಹೆಣ್ಣೋ?" ಅಂದ್ರು. ಅಷ್ಟೇ. ಇಡೀ ಗದ್ದೆ ನಕ್ತು. ಗೌಡ್ರ ಮುಖ ಕಾಫಿ ಹಣ್ಣಿನ ಬಣ್ಣಕ್ಕೆ ತಿರುಗಿತು. ಹೋಗಿ ಕಾರಲ್ಲಿ ಕೂತ್ರು. ಕಾಯಿ ಮಾತ್ರ ಬಿಟ್ಟು ಹೋಗ್ಲಿಲ್ಲ.

ಅವತ್ತು ಹೂವಪ್ಪಣ್ಣ ಸ್ಪರ್ಧೆ ಮುಗಿಸಿಯೇ ಮನೆಗೆ ಹೋದ್ರು. ನಾನು ಬೆಳಿಗ್ಗೆ ಜೀಪ್ ತಗೊಂಡು ಹೋದೆ, ಸಾಮಾನು ಸಾಗಿಸ್ಬೇಕಾಗುತ್ತೆ ಅಂತ. ಸುಶೀಲಕ್ಕ ಪಾತ್ರೆಗಳನ್ನೆಲ್ಲ ಗೋಣಿಗೆ ತುಂಬಿ ಬಾಯಿ ಕಟ್ತಿದ್ರು. "ಇವ್ರಿಗೆ ಒಂದಿನ ಕೊಡೆ ಮಡಚಿದ್ರೆ ಏನಾಗ್ತಿತ್ತು ಕೇಳಪ್ಪ" ಅಂದ್ರು. ಹೂವಪ್ಪಣ್ಣ ಕಾಫಿ ಕುಡೀತಾ "ಆ ಇಬ್ರು ಮನೆಗೆ ಹೋಗ್ತಿರ್ಲಿಲ್ಲ" ಅಂದ್ರು.

ಗೌಡ್ರ ಕಾರು ಬಂತು. ಇಳಿದು ಗೋಣಿ ನೋಡಿದ್ರು, ಜೀಪ್ ನೋಡಿದ್ರು.

"ಹೂವಪ್ಪ, ನೀನು ಕೊಟ್ಟ ಕಾಯಿ ಒಡೆದ್ರೆ ಒಳಗೆ ಕೆಟ್ಟಿತ್ತು. ಇದಾ ನೀನು ಮಾಡೋ ಮರ್ಯಾದೆ? ಬೇರೆ ಕೊಡು."

ಹೂವಪ್ಪಣ್ಣ ಒಳಗೆ ಹೋಗಿ ಒಂದು ಕಾಯಿ ಆರಿಸಿ, ಕಿವಿ ಹತ್ರ ಅಲ್ಲಾಡಿಸಿ ನೋಡಿ, ತಂದು ಕೊಟ್ರು. ಗೌಡ್ರು ಎರಡೂ ಕೈಯಲ್ಲಿ ತಗೊಂಡ್ರು. ಸುಶೀಲಕ್ಕ ಗೋಣಿ ಬಿಚ್ಚೋಕೆ ಶುರು ಮಾಡಿದ್ರು. ಮುಂದಿನ ವರ್ಷದಿಂದ ಕೊಡೆ ಬಿಚ್ಚೋ ಮೊದ್ಲೇ ಬಂದೂಕು ಇಡ್ತಿದ್ದೋರು ಶಾಂತರಾಜ ಗೌಡ್ರು.

ಹೋದ ವರ್ಷ ಹೂವಪ್ಪಣ್ಣಂಗೆ ಮಂಡಿ ಹಿಡಿದಿತ್ತು. ಇನ್ನು ನಿಲ್ಲಕ್ಕಾಗಲ್ಲ ಅಂತ ಕೊಡೆ ನಂಗೆ ಕೊಟ್ರು. ನಾವೆಲ್ಲ ಸೇರಿ, ಮೊದಲ್ನೇ ಗುಂಡು ನೀವೇ ಹೊಡೀಬೇಕು ಅಂತ ಹಠ ಮಾಡಿದ್ವಿ. ಬೇಡ ಬೇಡ ಅಂತಾನೇ ಬಂದ್ರು. ಕುರ್ಚಿ ಹಾಕಿ ಕೂರ್ಸಿದ್ವಿ. ಹೊಡೆದ್ರು. ಕಾಯಿ ಒಂಚೂರು ಅಲ್ಲಾಡಿದ ಹಾಗಾಯ್ತು. ಗಾಳಿಗೂ ಇರ್ಬಹುದು. ಹೂವಪ್ಪಣ್ಣ ಸಂತೋಷಕ್ಕೆ ಬಂದೂಕು ಹಿಡ್ಕೊಂಡೇ ನಮ್ಮ ಕಡೆ ತಿರುಗಿ "ಬಿತ್ತೇನೋ?" ಅಂದ್ರು.

ಎಲ್ಲ ಕೂತ್ರು. ಗೌಡ್ರೂ ಕೂತ್ರು.

ನಾನು ಕೊಡೆ ಬಿಚ್ಚಿದೆ. ಪಕ್ಕದಿಂದ ಹೋಗಿ ನಳಿಗೆ ಮೇಲೆ ಅಂಗೈ ಇಟ್ಟು ದರೆ ಕಡೆ ತಿರುಗಿಸಿದೆ. ಬಂದೂಕು ಬಿಡಿಸ್ಕೊಂಡೆ. ಅಲ್ಲೀತನಕ ಸರಿ. ಕಾಯಿ ಎತ್ತೋವಾಗ ಕೈ ಬರ್ಲಿಲ್ಲ, ಇವ್ರಿಗೆ ಹೇಗೆ ಕೊಡ್ಲಿ ಅಂತ. ಅವ್ರೇ ಎರಡೂ ಕೈ ಚಾಚಿದ್ರು.

"ಕೊಡು ಮಾರಾಯ. ಕೊಡದಿದ್ರೆ ನಾಳೆಯಿಂದ ನಿನ್ನ ಕೊಡೆಗೆ ಯಾರು ಹೆದರ್ತಾರೆ?"

ಕೊಟ್ಟೆ. ಸಾಯಂಕಾಲದ ತನಕ ಚಪ್ಪರದಡಿ ಕಾಯಿ ತೊಡೆ ಮೇಲಿಟ್ಕೊಂಡು ಕೂತಿದ್ರು. ಗೌಡ್ರು ಹೋಗಿ ಬಗ್ಗಿ "ಗಂಡೋ ಹೆಣ್ಣೋ ಹೂವಪ್ಪ?" ಅಂದ್ರು. "ಹೆಣ್ಣು ಧಣಿ. ಮೂಗು ನಂದೇ" ಅಂದ್ರು. ಆ ಬಿಕ್ಕಳಿಕೆ ಬಂದ ದಿನ ಬಿಟ್ರೆ ಹೂವಪ್ಪಣ್ಣ ಅಷ್ಟು ನಕ್ಕಿದ್ದು ನಾನು ನೋಡಿರ್ಲಿಲ್ಲ. ಅದೇ ಕೊನೆ, ಆಮೇಲೆ ನಾನು ಅವ್ರನ್ನ ನೋಡ್ಲಿಲ್ಲ. ಮಳೆಗಾಲ ಮುಗಿಯೋದ್ರೊಳಗೆ ಮಲಗಿದಲ್ಲೇ ಹೋದ್ರು.

ತಿಥಿ ಮುಗಿದ ಮೇಲೆ ಸುಶೀಲಕ್ಕ ನನ್ನ ಕರೆದು ಕೂರ್ಸಿ ಕಾಫಿ ಕೊಟ್ರು. "ಕೊನೇ ಸಲ ಸ್ಪರ್ಧೆ ಮುಗಿಸಿ ಬಂದಾಗ ಕಾಯಿ ಹೊಡ್ಕೊಂಡು ಬಂದಿದೀನಿ ಕಣೇ ಅಂತ ಬಾಗಿಲಲ್ಲೇ ಕೂಗಿದ್ರು" ಅಂದ್ರು.

"ಹೌದಕ್ಕ, ಒಂದೇ ಏಟಿಗೆ" ಅಂದೆ.

ಸುಶೀಲಕ್ಕ ಸೆರಗು ಬಾಯಿಗೆ ಒತ್ಕೊಂಡ್ರು. ಅಳ್ತಿದಾರೆ ಅಂದ್ಕೊಂಡೆ. ನಗ್ತಿದ್ರು. "ಕಾಯಲ್ಲಿ ಒಂದು ತೂತೂ ಇರ್ಲಿಲ್ಲ ಕಣಪ್ಪ. ನೀರು ತುಂಬ್ಕೊಂಡಿತ್ತು. ಅಷ್ಟು ಖುಷೀಲಿದ್ರು, ನಾನ್ಯಾಕೆ ಕೇಳ್ಲಿ?"

ಕೊಟ್ಟಿಗೆಹಾರದ ತಿರುವಿನ ತನಕ ಜೀಪಲ್ಲಿ ಒಬ್ಬನೇ ನಗ್ತಾ ಬಂದೆ. ಅಲ್ಲಿ ಗೇರ್ ಬದಲಾಯಿಸೋವಾಗ ಥಟ್ಟಂತ ಹೊಳೀತು. ನನ್ನ ಕಾಯಲ್ಲೂ ತೂತಿರ್ಲಿಲ್ಲ. ಅದನ್ನ ಒಡೆದು ಚಟ್ನಿ ಮಾಡಿದ್ದು ಸವಿತಾ.