ಗಾಯದ ಪಕ್ಕೆ ಹೊರಗಿರಲಿ

ಪಕ್ಕೆ ಮಾವನಿಗೆ ಬಲಗಿವಿ ಕೇಳಿಸುವುದಿಲ್ಲ. ಹದಿನೆಂಟು ದಿನಗಳಿಂದ ಕೆಲಸವೂ ಇಲ್ಲ. ಆದರೂ ಬೆಳಗಿನ ಐದೂವರೆಗೆ ಏಳುತ್ತಾರೆ, ಗ್ರೀಸಿನ ಕಲೆ ಹೋಗದ ನೀಲಿ ಅಂಗಿ ತೊಡುತ್ತಾರೆ, ಜೇಬಿಗೆ ಪುಟ್ಟ ಟಾರ್ಚು ಹಾಕಿಕೊಂಡು ಹೊರಡುತ್ತಾರೆ. ಎರಡು ಬೀದಿ ದಾಟಿದರೆ ಮೊಟ್ಟೆಯ ಸಗಟು ಅಂಗಡಿ. ಆರು ಗಂಟೆಗೆ ಅಲ್ಲಿಗೆ ಒಂದು ಬಿಳಿ ಪಿಕಪ್ ಬಂದು ನಿಲ್ಲುತ್ತದೆ. ಡ್ರೈವರ್ ಇಳಿದು ಹಿಂದಿನ ಬಾಗಿಲು ತೆಗೆಯುವಷ್ಟರಲ್ಲಿ ಮಾವ ಗಾಡಿಯ ಎಡಗಡೆ, ಹಿಂದಿನ ಚಕ್ರದ ಪಕ್ಕದಲ್ಲಿ, ಗೋಣಿಚೀಲ ಹಾಸಿ ಅಂಗಾತ ಮಲಗಿರುತ್ತಾರೆ. ತಲೆ ಗಾಡಿಯ ಕೆಳಗೆ, ಕಾಲು ರಸ್ತೆಯಲ್ಲಿ.

"ಏನು ಮಾವ, ಕೆಳಗೂ ಮೊಟ್ಟೆ ಇಟ್ಟಿದೆಯಾ ನನ್ನ ಗಾಡಿ?" ಎಂದು ಡ್ರೈವರ್ ಕೇಳುತ್ತಾನೆ. ದಿನವೂ ಇದೇ ಹಾಸ್ಯ. ಟ್ರೇ ಇಳಿಸುವವರು ದಿನವೂ ನಗುತ್ತಾರೆ.

ಮಾವ ನಗುವುದಿಲ್ಲ. ಚಕ್ರದ ಒಳಮುಖಕ್ಕೆ ಟಾರ್ಚು ಬಿಟ್ಟು, ತೋಳು ಚಾಚಿ, ಮೊಣಕೈಯ ಒಳಚರ್ಮವನ್ನು ಟೈರಿಗೆ ಒತ್ತಿ ನಿಧಾನವಾಗಿ ಎಳೆಯುತ್ತಾರೆ. ಅಲ್ಲಿ ಬೆರಳುದ್ದದ ಒಂದು ಗಾಯವಿದೆ. ಅದು ಉಬ್ಬಿದೆಯೇ ಇಲ್ಲವೇ ಎಂಬುದಷ್ಟೇ ಅವರಿಗೆ ಬೇಕಾದ ಸಂಗತಿ. ಇದಕ್ಕೆ ಯಾರೂ ಕೂಲಿ ಕೊಡುವುದಿಲ್ಲ. ಬೇಡ ಎಂದವರೇ ಹೆಚ್ಚು.

ಅವರ ಹೆಸರು ಪೇಟೆಯಲ್ಲಿ ಯಾರಿಗೂ ನೆನಪಿಲ್ಲ. ಟೈರಿನ ಎರಡು ಅಗಲ ಗೋಡೆಗಳನ್ನು ಅವರು ಪಕ್ಕೆ ಎನ್ನುತ್ತಾರೆ; ದನಕ್ಕೂ ಮನುಷ್ಯನಿಗೂ ಇರುವಂತೆ ಟೈರಿಗೂ ಎರಡು ಪಕ್ಕೆ. ಅದರಿಂದ ಡ್ರೈವರ್‌ಗಳ ಬಾಯಲ್ಲಿ ಅವರು ಪಕ್ಕೆ ಮಾವ. ವಯಸ್ಸು ಐವತ್ತಮೂರು. ಪೇಟೆಯ ಒಂದೇ ಟೈರ್ ಅಂಗಡಿಯಲ್ಲಿ ಮೂವತ್ತೊಂದು ವರ್ಷ ಟೈರು ಕಳಚುವ ಲಿವರ್ ಹಿಡಿದಿದ್ದಾರೆ. ಕೆಲಸಕ್ಕೆ ಸೇರಿದ ಎರಡನೆಯ ವರ್ಷ ಗಾಳಿ ತುಂಬುವಾಗ ಲಾರಿಯ ಟೈರೊಂದು ಸಿಡಿಯಿತು. ಕಿವಿ ಹೋದದ್ದು ಅಂದು. ವಾರ ಕಳೆದು ಮತ್ತೆ ಅದೇ ಕಂಪ್ರೆಸರ್ ಮುಂದೆ ಕುಳಿತರು. "ಇನ್ನೊಂದು ಕಿವಿ ಇತ್ತಲ್ಲ," ಎನ್ನುತ್ತಾರೆ.

ದಿನಕ್ಕೆ ಹದಿನೆಂಟರಿಂದ ಇಪ್ಪತ್ತು ಚಕ್ರ. ಒಂದೊಂದು ಇಪ್ಪತ್ತು ಕಿಲೋ ಮೇಲೆ. ಜಾಕ್ ಏರಿಸಿ, ನೆಟ್ಟು ಬಿಚ್ಚಿ, ರಿಮ್ಮಿನಿಂದ ಟೈರು ಕಳಚಿ, ನೋಡಿ, ಸೋಪಿನ ನೀರು ಬಳಿದು, ಮತ್ತೆ ಕೂರಿಸಲು ಅವರ ಕೈಗೆ ಹನ್ನೆರಡು ನಿಮಿಷ. ಅದರಲ್ಲಿ ನಾಲ್ಕು ನಿಮಿಷ ಬರೀ ನೋಡುವುದಕ್ಕೆ. ಅಂಗಡಿಗೆ ಸಿಟ್ಟಿದ್ದದ್ದು ಈ ನಾಲ್ಕು ನಿಮಿಷದ ಮೇಲೆ. ನೋಡುವುದು ಕಣ್ಣಿನಿಂದಲ್ಲ, ಮೊಣಕೈಯಿಂದ. "ಅಂಗೈ ಚರ್ಮ ದಪ್ಪ ಆಗೋಗಿದೆ, ಎಲ್ಲ ಸರಿ ಇದೆ ಅಂತ ಸುಳ್ಳು ಹೇಳುತ್ತೆ. ಇಲ್ಲಿ ನೋಡಿ, ಮೊಣಕೈ ಒಳಗಿನ ಚರ್ಮ. ಇದಕ್ಕೆ ಇನ್ನೂ ಸುಳ್ಳು ಹೇಳೋಕೆ ಬಂದಿಲ್ಲ."

ಪಿಕಪ್ಪಿನ ಟೈರಿಗೆ ಸಾಮಾನ್ಯವಾಗಿ ಒಂದು ಪಕ್ಕೆಯಲ್ಲಿ ಕಂಪನಿಯ ಹೆಸರು ದಪ್ಪ ಬಿಳಿ ಅಕ್ಷರದಲ್ಲಿರುತ್ತದೆ, ಇನ್ನೊಂದು ಬರೀ ಕಪ್ಪು. ಯಾವ ಪಕ್ಕೆ ಹೊರಗೆ ಬರಬೇಕು ಎಂದು ಕೆಲವು ಟೈರುಗಳ ಮೇಲೆ ಬರೆದೇ ಇರುತ್ತದೆ, ಅಲ್ಲಿ ಮಾತಿಲ್ಲ. ಉಳಿದವನ್ನು ಹೇಗೂ ಹಾಕಬಹುದು. ಹೊಸದಾಗಿದ್ದಾಗ ಗಿರಾಕಿ ಹೇಳಿದಂತೆ. ತಕರಾರು ಶುರುವಾಗುವುದು ಹಳತಾದ ಮೇಲೆ. ರಸ್ತೆಯ ಅಂಚಿನ ಕಲ್ಲಿಗೆ ಉಜ್ಜಿ ಉಜ್ಜಿ ಹೊರಗಿನ ಪಕ್ಕೆ ಗಾಯವಾಗುತ್ತದೆ. ಆಗ ಎಲ್ಲರೂ ಕೇಳುವುದು ಒಂದೇ: ಟೈರು ಮಗುಚಿ ಹಾಕು, ಗಾಯ ಒಳಗೆ ಹೋಗಲಿ, ಒಳ್ಳೆಯ ಮುಖ ಹೊರಗೆ ಬರಲಿ.

ಮಾವ ಒಪ್ಪುವುದಿಲ್ಲ. ಗುಳ್ಳೆ ಎದ್ದ ಟೈರನ್ನು ಅವರು ಮುಟ್ಟುವುದೇ ಇಲ್ಲ, ಎಸೆಯಿರಿ ಎನ್ನುತ್ತಾರೆ. ಗುಳ್ಳೆ ಏಳದ, ಬರೀ ಸೀಳಿದ ಗಾಯವಿದ್ದರೆ ಅದಕ್ಕೆ ಹಳದಿ ಮೇಣದ ಕಡ್ಡಿಯಿಂದ ಸುತ್ತು ಹಾಕಿ, ಗಾಯದ ಪಕ್ಕೆಯನ್ನೇ ಹೊರಗಿಟ್ಟು ಕೂರಿಸುತ್ತಾರೆ. "ಹೊರಗಿದ್ರೆ ಬೆಳಗ್ಗೆ ಎದ್ದು ಡ್ರೈವರ್ ನೋಡ್ತಾನೆ. ಅವನು ನೋಡದಿದ್ರೆ ಬೀಡಾ ಅಂಗಡಿಯವನು ನೋಡ್ತಾನೆ. ಪಕ್ಕದಲ್ಲಿ ಹೋಗೋ ಸ್ಕೂಟರಿನವನು ಕೂಗಿ ಹೇಳ್ತಾನೆ. ಒಳಗಿದ್ರೆ ಯಾರು ನೋಡೋದು, ಆಕ್ಸಲ್ಲಾ? ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅಂತಾರೆ. ಹುಣ್ಣು ಅಂಗೈಯಲ್ಲಿರಬೇಕು ಸ್ವಾಮಿ, ಬೆನ್ನಲ್ಲಲ್ಲ."

ಹೊರಗಿದ್ದರೆ ಅದೇ ಗಾಯ ಮತ್ತೆ ಉಜ್ಜುವುದಿಲ್ಲವೇ?

"ಉಜ್ಜುತ್ತೆ. ಉಜ್ಜಿದ್ದೂ ಕಾಣುತ್ತೆ."

ಈ ನಿಯಮವನ್ನು ಮಾವ ಮುರಿದದ್ದು ಒಂದೇ ಸಲ. ಅದನ್ನು ಅವರೇ ಹೇಳುತ್ತಾರೆ, ಕೇಳದಿದ್ದರೂ ಹೇಳುತ್ತಾರೆ.

ಮೂರು ವರ್ಷದ ಹಿಂದೆ ಅವರ ತಮ್ಮ ಸೆಕೆಂಡ್ ಹ್ಯಾಂಡ್ ಪಿಕಪ್ ಒಂದನ್ನು ಕೊಂಡ. ದೊಡ್ಡ ಪೀಠೋಪಕರಣ ಅಂಗಡಿಯೊಂದು ಮಂಚ, ಬೀರು ಸಾಗಿಸಲು ಬಾಡಿಗೆ ಗಾಡಿ ಹುಡುಕುತ್ತಿತ್ತು. ಅಲ್ಲಿನ ಮ್ಯಾನೇಜರ್ ಗಾಡಿಯ ಸುತ್ತ ಒಂದು ಸುತ್ತು ಬಂದು, ಅಂದ ನೋಡಿ ಆರಿಸುತ್ತಿದ್ದ. ಹಿಂದಿನ ಎಡ ಟೈರಿನಲ್ಲಿ ಬೆರಳುದ್ದದ ಗಾಯವಿತ್ತು. ಗಾಡಿ ತೋರಿಸುವ ಹಿಂದಿನ ದಿನ ತಮ್ಮ, ಅಣ್ಣನಿದ್ದ ಅಂಗಡಿಗೆ ಬಂದ.

"ಅಣ್ಣಾ, ಒಳ್ಳೆ ಮುಖ ಹೊರಗೆ ಹಾಕೋ."

"ಆಗಲ್ಲ ಕಣೋ."

"ಫೋಟೋ ತೆಗೆಸ್ಕೊಳ್ಳೋಕೆ ಹೋಗೋವಾಗ ಹರಿದ ಅಂಗಿ ಹಾಕ್ಕೊಂಡು ಹೋಗ್ತಾರೇನೋ? ಒಂದು ದಿನದ ಮಾತು. ನಾಳಿದ್ದು ಬಂದು ತಿರುಗಿಸ್ಕೋತೀನಿ."

ಊರಿಗೆಲ್ಲ ಆಗಲ್ಲ ಎಂದ ಮನುಷ್ಯ ಒಡಹುಟ್ಟಿದವನಿಗೆ ಆಯಿತು ಎಂದರು. ಗಾಯಕ್ಕೆ ಹಳದಿ ಸುತ್ತು ಹಾಕಿ, ಅದನ್ನು ಒಳಗೆ ಮಾಡಿ ಕೂರಿಸಿದರು. ತಮ್ಮನಿಗೆ ಕೆಲಸ ಸಿಕ್ಕಿತು. ಮರುದಿನದಿಂದಲೇ ಲೋಡು. ನಾಳಿದ್ದು ಬರುತ್ತೇನೆ ಎಂದವನು ಪ್ರತಿದಿನ ನಾಳೆ ಎಂದ. ಹನ್ನೊಂದನೆಯ ದಿನ, ಸೇತುವೆಗೆ ಇಳಿಯುವ ಇಳಿಜಾರಿನಲ್ಲಿ, ಏಳು ಮಂಚ ಹೊತ್ತ ಗಾಡಿಯ ಆ ಟೈರು ಸಿಡಿಯಿತು. ತಮ್ಮ ಹೋದ, ಪಕ್ಕದಲ್ಲಿ ಕುಳಿತಿದ್ದ ಹಮಾಲಿಯೂ ಹೋದ. ಮಾವ ಪೊಲೀಸ್ ಠಾಣೆಯ ಅಂಗಳಕ್ಕೆ ಹೋಗಿ ನಜ್ಜುಗುಜ್ಜಾದ ಗಾಡಿಯ ಕೆಳಗೆ ತಲೆ ಹಾಕಿ ನೋಡಿದರು. "ಹಳದಿ ಸುತ್ತು ಹಾಗೇ ಇತ್ತು. ಒಂಚೂರೂ ಅಳಿಸಿರಲಿಲ್ಲ. ಒಳಗಡೆ ಯಾರು ಅಳಿಸ್ತಾರೆ."

ಮೂರನೆಯ ದಿನ ತಮ್ಮನ ಹೆಂಡತಿಗೆ ಅವರೇ ಹೇಳಿದರು. ಆಕೆ ಕೇಳಿದ್ದು ಒಂದೇ ಪ್ರಶ್ನೆ: "ನಿಮಗೆ ಗೊತ್ತಿತ್ತಾ?" ಗೊತ್ತಿತ್ತು ಎಂದರು. ಅಂದಿನಿಂದ ಆಕೆ ಭಾವನೊಡನೆ ಮಾತಾಡಿಲ್ಲ. ಇರುವುದು ಅವರ ಮನೆಯಲ್ಲೇ. ಎರಡು ಕೋಣೆಯ ಮನೆ; ಮುಂದಿನ ಕೋಣೆಯ ಕಿಟಕಿಯ ಕೆಳಗೆ ಆಕೆಯ ಹೊಲಿಗೆ ಯಂತ್ರ. ಮಾವ ಎದುರಿಗೇ ಕುಳಿತಿದ್ದರೂ ಆಕೆ ಒಳಕೋಣೆಗೆ ಕೂಗುತ್ತಾಳೆ: "ಅಕ್ಕಾ, ಭಾವನಿಗೆ ಹೇಳಿ, ದಾರ ತೀರಿದೆ, ಬರೋವಾಗ ತರಲಿ." ಒಳಗಿನಿಂದ ಮಾವನ ಹೆಂಡತಿ ಕೂಗುತ್ತಾರೆ: "ರೀ, ದಾರ ತರಬೇಕಂತೆ." ಎಡಗಿವಿಗೆ ಮೊದಲ ಸಲವೇ ಕೇಳಿಸಿರುತ್ತದೆ. ಆದರೂ ಎರಡನೆಯ ಸಲ ಹೇಳುವವರೆಗೆ ಮಾವ ಹೂಂ ಎನ್ನುವುದಿಲ್ಲ.

ಆ ಮೇಲೆ ಅಂಗಡಿಯಲ್ಲಿ ಮಾವ ಇನ್ನೂ ಹಟಮಾರಿಯಾದರು. ಹಳೆಯ ಯಜಮಾನರು ಇದ್ದಿದ್ದರೆ ನಡೆಯುತ್ತಿತ್ತೋ ಏನೋ. ಈಗ ಅವರ ಮಗನ ಕಾರುಬಾರು. ಅವನು ಟೈರು ಕಳಚುವ ಯಂತ್ರ ತಂದಿದ್ದಾನೆ, ಹಳೆಯ ಟೈರಿಗೆ ಬಳಿಯುವ ಕಪ್ಪು ಪಾಲಿಶ್ ತಂದಿದ್ದಾನೆ. ಒಂದು ತಿಂಗಳಲ್ಲಿ ಮೂವರು ಗಿರಾಕಿಗಳು ಮುನಿಸಿಕೊಂಡು ಹೋದರು. ಇನ್ನೊಬ್ಬ ಹೋದರೆ ನೀವೂ ಹೋಗಬೇಕಾಗುತ್ತದೆ ಎಂದು ಅವನು ಹೇಳಿಯೇ ಬಿಟ್ಟ.

ನಾಲ್ಕನೆಯವನು ಮೊಟ್ಟೆ ಗಾಡಿಯ ಡ್ರೈವರ್. ಮರುದಿನ ಗಾಡಿಯ ತಪಾಸಣೆ. ಹಿಂದಿನ ಎಡ ಟೈರು, ಬೆರಳುದ್ದದ ಗಾಯ.

"ಮುಖ ಹೊರಗೆ ಮಾಡು ಮಾವ. ಒಂದೇ ವಾರ. ಆಮೇಲೆ ಬಂದು ತಿರುಗಿಸ್ಕೋತೀನಿ."

"ಈ ಮಾತು ನಾನು ಒಂದು ಸಲ ಕೇಳಿದ್ದೀನಿ."

"ಹಂಗಾದ್ರೆ ಇನ್ನೊಂದು ಸಲ ಕೇಳು. ಬೇಕಾದ್ರೆ ಆ ಕಿವಿಗೆ ಹೇಳ್ಲಾ?"

ಅಂಗಡಿಯಲ್ಲಿದ್ದವರು ನಕ್ಕರು. ಮಾವ ಲಿವರ್ ಕೆಳಗಿಟ್ಟರು. ಯಜಮಾನ ಎದ್ದು ಬಂದು, ತಾನೇ ಚಕ್ರ ಉರುಳಿಸಿಕೊಂಡು ಹೋಗಿ ಯಂತ್ರಕ್ಕೆ ಹಾಕಿದ. ನಾಲ್ಕು ನಿಮಿಷದಲ್ಲಿ ಟೈರು ಮಗುಚಿತ್ತು. ಒಳಗೆ ಹೋದ ಗಾಯ ಇದರ ಹಿಂದೆ ಇದೆ ಎಂದು ತಿಳಿಯಲಿ ಎಂದು ಮಾವ ಹೊರಗಿನ ಪಕ್ಕೆಗೆ ಹಳದಿ ಸುತ್ತು ಹಾಕಿದರು. ಯಜಮಾನ ಅದರ ಮೇಲೇ ಪಾಲಿಶ್ ಬಳಿದ. ಆಮೇಲೆ ಅವನು ಆಡಿದ ಮಾತು ಮರ್ಯಾದೆಯದೇ ಆಗಿತ್ತು: "ಮಾವ, ನಿಮ್ಮನ್ನ ಅಪ್ಪನ ಕಾಲದಿಂದ ನೋಡಿದ್ದೀನಿ, ಕೆಟ್ಟ ಮಾತು ಬೇಡ. ನಾಳೆಯಿಂದ ಬರಬೇಡಿ."

ಗಾಡಿ ತಪಾಸಣೆಯಲ್ಲಿ ಪಾಸಾಯಿತು. ವಾರ ಕಳೆಯಿತು, ಎರಡು ವಾರ ಕಳೆಯಿತು. ಟೈರು ತಿರುಗಿಸಲು ಡ್ರೈವರ್ ಹೋಗಲಿಲ್ಲ. ಕೆಲಸ ಹೋದ ಮರುದಿನದಿಂದ ಮಾವ ಮೊಟ್ಟೆ ಅಂಗಡಿಯ ಮುಂದೆ ಗೋಣಿಚೀಲ ಹಾಸುತ್ತಿದ್ದಾರೆ. ಬೇರೆ ಕಡೆ ಕೆಲಸ ಹುಡುಕುವುದಿಲ್ಲವೇ ಎಂದರೆ ಹೇಳುತ್ತಾರೆ: "ಮೊದಲು ಈ ಟೈರು ಸವೆದು ಮುಗೀಲಿ."

ಇದು ಹತ್ತೊಂಬತ್ತನೆಯ ಬೆಳಗ್ಗೆ. ಟ್ರೇಗಳು ಇಳಿಯುತ್ತಿವೆ. ಇಲ್ಲಿ ಅರ್ಧ ಲೋಡು. ಉಳಿದರ್ಧ ಸೇತುವೆಯ ಆಚೆಗೆ ಹೋಗಬೇಕು. ಗಾಡಿಯ ಕೆಳಗಿರುವ ಮಾವನ ತೋಳು ಒಂದು ಕಡೆ ನಿಲ್ಲುತ್ತದೆ, ಹಿಂದೆ ಬರುತ್ತದೆ, ಮತ್ತೆ ಅಲ್ಲೇ ನಿಲ್ಲುತ್ತದೆ. ಟಾರ್ಚು ಆರಿಸಿ ಈಚೆ ಬರುತ್ತಾರೆ.

"ಗುಳ್ಳೆ ಎದ್ದಿದೆ. ನಿಂಬೆಹಣ್ಣಿನಷ್ಟು. ಸ್ಟೆಪ್ನಿ ಹಾಕು."

"ನಿನ್ನೆ ಇರಲಿಲ್ಲ, ಇವತ್ತು ಬಂತಾ? ನಿನ್ನ ಕಣ್ಣಲ್ಲಿರಬೇಕು ಗುಳ್ಳೆ."

"ಒಂದು ಸಲ ಬಗ್ಗಿ ನೋಡಪ್ಪ. ಕಾಲು ಹಿಡ್ಕೋತೀನಿ."

"ಲೋಡು ತಡ ಆಗ್ತಿದೆ, ಏಳು ಮಾವ. ದಿನಾ ಇದೇ ಆಯ್ತು ನಿಂದು."

ಡ್ರೈವರ್ ಚೀಟಿ ತರಲು ಅಂಗಡಿಯೊಳಗೆ ಹೋಗುತ್ತಾನೆ. ಮಾವ ಚಕ್ರದ ಮುಂದೆ ಕುಕ್ಕರುಗಾಲಲ್ಲಿ ಕೂರುತ್ತಾರೆ. ಜೇಬಿನಿಂದ ಹಳೆಯ ಚಿಕ್ಕ ಕೀ ತೆಗೆದು, ವಾಲ್ವಿನ ಪಿನ್ನು ಬಿಚ್ಚಿ, ಚರಂಡಿಗೆ ಎಸೆಯುತ್ತಾರೆ. ಗಾಳಿ ಭುಸುಗುಟ್ಟುತ್ತದೆ. ಆ ಸದ್ದಿಗೆ ಡ್ರೈವರ್ ಓಡಿ ಬರುತ್ತಾನೆ. ಅವನು ಬರುವುದು ಬಲಗಡೆಯಿಂದ. ಬಲಗಡೆಯಿಂದ ಬರುವವರು ಮಾವನಿಗೆ ತಿಳಿಯುವುದಿಲ್ಲ.

ಒಂದೇ ಏಟು. ಮಾವ ಟ್ರೇಗಳ ಪಕ್ಕದಲ್ಲಿ ಬೀಳುತ್ತಾರೆ. ಕಳ್ಳ ಎನ್ನುತ್ತಾನೆ ಒಬ್ಬ. ತಲೆ ಕೆಟ್ಟಿದೆ ಎನ್ನುತ್ತಾನೆ ಇನ್ನೊಬ್ಬ. ಕೆಲಸದಿಂದ ತೆಗೆದದ್ದಕ್ಕೆ ಸೇಡು ಎಂದು ಮೊಟ್ಟೆ ಅಂಗಡಿಯವನು ವಿವರಿಸುತ್ತಾನೆ. ಬಯ್ಯುತ್ತಲೇ ಡ್ರೈವರ್ ಜಾಕ್ ಏರಿಸಿ, ನೆಟ್ಟು ಬಿಚ್ಚಿ, ಚಪ್ಪಟೆಯಾದ ಚಕ್ರವನ್ನು ಕಳಚಿ ಉರುಳಿಸುತ್ತಾನೆ. ಅದು ಒಳಮುಖ ಮೇಲಾಗಿ ಬೀಳುತ್ತದೆ. ಗಾಳಿ ಹೋದ ಗುಳ್ಳೆ ಜೋತು ಬಿದ್ದಿದೆ. ಸೀಳಿನ ತುಟಿ ತೆರೆದು ಒಳಗಿನ ಹರಿದ ನೂಲು ಹೊರಗೆ ಕಾಣುತ್ತಿದೆ.

ಡ್ರೈವರ್ ಅದನ್ನು ನೋಡುತ್ತಾನೆ. ಬಯ್ಗುಳ ನಿಲ್ಲುತ್ತದೆ. ಕ್ಷಮೆ ಕೇಳುವುದಿಲ್ಲ. ಸ್ಟೆಪ್ನಿ ಹಾಕಿ, ಹಳೆಯ ಚಕ್ರವನ್ನು ಗಾಡಿಯಲ್ಲಿ ಉಳಿದ ಟ್ರೇಗಳ ಹಿಂದೆ ಎಸೆದು, "ಇದನ್ನ ಎಲ್ಲೂ ಹೇಳ್ಕೊಂಡು ಓಡಾಡ್ಬೇಡ," ಎಂದು ಗಾಡಿ ಹತ್ತುತ್ತಾನೆ. ಗಾಡಿ ಸೇತುವೆಯ ಕಡೆಗೆ ಹೋಗುತ್ತದೆ.

ಮಾವ ಗೋಣಿಚೀಲ ಕೊಡವಿ ಮಡಿಚುತ್ತಾರೆ. ನಲ್ಲಿಯ ಬಳಿ ಬಾಯಿ ಮುಕ್ಕಳಿಸುತ್ತಾರೆ. ಉಗುಳಿದ ನೀರಿನಲ್ಲಿ ಒಂದು ಹಲ್ಲು ಬರುತ್ತದೆ. ಅದನ್ನು ನೋಡಿ, ಕಾಲಿನಿಂದ ಚರಂಡಿಗೆ ತಳ್ಳುತ್ತಾರೆ.

"ಆಯ್ತಲ್ಲ, ಇನ್ನು ಬೇರೆ ಕೆಲಸ ನೋಡ್ಬೇಕು," ಎನ್ನುತ್ತಾರೆ. ಐವತ್ತಮೂರು ವಯಸ್ಸು, ಒಂದೇ ಕಿವಿ, ಪೇಟೆಯಲ್ಲಿ ಒಂದೇ ಟೈರ್ ಅಂಗಡಿ. ಎಲ್ಲಿ ನೋಡುತ್ತೀರಿ ಎಂದು ಕೇಳಿದರೆ ಗೋಣಿಚೀಲ ಕಂಕುಳಲ್ಲಿಟ್ಟುಕೊಂಡು ಮನೆಯ ಕಡೆ ಹೊರಡುತ್ತಾರೆ.

ಅವರು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿದೆ. ಅಂಗಿ ಹೊಲಿಸಲು ಬಂದವರು ಹೇಳಿ ಹೋಗಿದ್ದಾರೆ. ಮಾವ ಕೆನ್ನೆಗೆ ಒದ್ದೆ ಬಟ್ಟೆ ಒತ್ತಿಕೊಂಡು ಕೂರುತ್ತಾರೆ. ಒಳಗೆ ಅವರ ಹೆಂಡತಿ ಏನೋ ಗೊಣಗುತ್ತಿದ್ದಾರೆ. ಹೊಲಿಗೆ ಯಂತ್ರ ನಿಂತಿದೆ. ತಮ್ಮನ ಹೆಂಡತಿ ಒಳಕೋಣೆಗೆ ಕೂಗುವುದಿಲ್ಲ. ಎದ್ದು ಬಂದು ಮಾವನ ಎಡಗಡೆ ನಿಲ್ಲುತ್ತಾಳೆ, ಕೇಳಿಸುವ ಕಡೆ. ಮೂರು ವರ್ಷದಲ್ಲಿ ಮೊದಲ ಮಾತು.

"ಅವತ್ತು ಅವರ ಗಾಡಿದೂ ಹೀಗೇ ಗಾಳಿ ಬಿಟ್ಟಿದ್ರೆ ಆಗ್ತಿತ್ತು, ಭಾವ."

ಮಾವ ಹೂಂ ಎನ್ನುತ್ತಾರೆ. ಆಕೆ ಹೋಗಿ ಯಂತ್ರದ ಮುಂದೆ ಕೂರುತ್ತಾಳೆ.

ಹೋದದ್ದು ಇಷ್ಟು: ತಮ್ಮ ಒಬ್ಬ, ಹಮಾಲಿ ಒಬ್ಬ, ಪಿಕಪ್ ಒಂದು, ಮಂಚ ಏಳು, ಕಿವಿ ಒಂದು, ಹಲ್ಲು ಒಂದು, ಮೂವತ್ತೊಂದು ವರ್ಷದ ಕೆಲಸ. ಮೊಟ್ಟೆ ಒಂದೂ ಒಡೆದಿಲ್ಲ.