ಕಾಂಡ್ಲಕುದ್ರುವಿನ ಮೂರನೆಯ ಕಲ್ಲು

ಬೆಳಿಗ್ಗೆ ಆರೂ ಮುಕ್ಕಾಲು. ಗಂಗೊಳ್ಳಿ ಬಂದರಿನ ಕಡೆಯಿಂದ ಬೋಟುಗಳ ಇಂಜಿನ್ ಸದ್ದು ಕೇಳುತ್ತಿದೆ. ಹೊಳೆಯ ನಡುವಿನ ಕಾಂಡ್ಲಕುದ್ರು ಎಂಬ ಪುಟ್ಟ ನಡುಗಡ್ಡೆಯ ಪಡುವಣ ಅಂಚಿನಲ್ಲಿ, ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಮೇಲೊಂದು ಗಂಡಸರ ತುಂಬುತೋಳಿನ ಅಂಗಿ ತೊಟ್ಟ ಹೆಂಗಸೊಬ್ಬರು ಕೆಸರಿನಲ್ಲಿ ನಿಂತಿದ್ದಾರೆ. ಅವರ ಮುಂದೆ ಮೂರು ಕಾಲಿನ ಮೇಲೆ ಅಳತೆಯ ಯಂತ್ರ. ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಯಂತ್ರದ ಕೊಳವೆಗೆ ಒತ್ತಿದ್ದಾರೆ. ಎದುರಿಗೆ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲ ಗಿಡಗಳ ಸಂದಿಯಲ್ಲಿ, ತುದಿಗೆ ಕನ್ನಡಿ ಕೂರಿಸಿದ ಉದ್ದದ ಕೋಲು ಹಿಡಿದು ಒಬ್ಬ ತೆಳ್ಳನೆಯ ಹಿರಿಯರು.

"ಹ್ವಾಯ್ ದುಗ್ಗಪ್ಪಣ್ಣ, ಕೋಲ್ ಸೀದಾ ಹಿಡ್ಕಣಿ. ಬಲಕ್ಕೆ ವಾಲ್ತಾ ಇತ್ತ್."

ಕೋಲು ನೆಟ್ಟಗಾಗುತ್ತದೆ. ಯಂತ್ರ ಸಣ್ಣಗೆ ಕೂಗುತ್ತದೆ. ಹೆಂಗಸು ಸೊಂಟಕ್ಕೆ ಸಿಕ್ಕಿಸಿದ್ದ ಪುಸ್ತಕ ತೆಗೆದು ಅಂಕಿ ಬರೆದುಕೊಳ್ಳುತ್ತಾರೆ. ಯಂತ್ರದೊಳಗೆ ಎಲ್ಲವೂ ದಾಖಲಾಗುತ್ತದೆಯಲ್ಲ, ಮತ್ತೆ ಬರೆಯುವುದೇಕೆ ಎಂದು ಕೇಳಿದರೆ ನಗುತ್ತಾರೆ. ಯಂತ್ರ ಎರವಲು ತಂದದ್ದು, ಅಂಕಿ ತನ್ನದು ಎಂಬುದು ಅವರ ಉತ್ತರ.

ಇವರು ಜಲಜ. ವಯಸ್ಸು ನಲವತ್ತಮೂರು. ಕುಂದಾಪುರದಲ್ಲಿರುವ ಸರಕಾರಿ ನಕ್ಷೆ ಉಪಶಾಖೆಯ ನಕ್ಷೆಗಾರ್ತಿ. ಕೋಲು ಹಿಡಿದ ದುಗ್ಗಪ್ಪ ಅದೇ ಶಾಖೆಯ, ಅಳತೆಯ ಸರಪಳಿ ಹಿಡಿಯುವ ಸಹಾಯಕರು. ಬರುವ ಏಪ್ರಿಲ್‌ಗೆ ನಿವೃತ್ತಿ. ಇದು 2018ರ ನವೆಂಬರ್, ಶುಕ್ರವಾರ, ಕುದ್ರುವಿನಲ್ಲಿ ಅವರ ಐದನೆಯ ದಿನ. ಯಂತ್ರ ಸಿಕ್ಕಿರುವುದು ಆರೇ ದಿನಕ್ಕೆ.

ಜಲಜ ಹುಟ್ಟಿದ್ದು ಉಪ್ಪುಂದದಲ್ಲಿ. ತಂದೆ ಬೋಟಿನ ತಾಂಡೇಲರು, ಚುಕ್ಕಾಣಿ ಅವರ ಕೈಯಲ್ಲಿ. ತಾಯಿ ಮೀನಿನ ಬುಟ್ಟಿ ಹೊತ್ತು ಬೈಂದೂರಿನವರೆಗೆ ಮನೆಮನೆ ತಿರುಗಿದವರು. ಹತ್ತನೇ ತರಗತಿ ಮುಗಿದ ಮೇಲೆ ಮಗಳು ಐಟಿಐಯಲ್ಲಿ ನಕ್ಷೆ ಬರೆಯುವ ಕೋರ್ಸಿಗೆ ಸೇರಿದಾಗ, ಇಡೀ ತರಗತಿಯಲ್ಲಿ ಹುಡುಗಿ ಒಬ್ಬಳೇ. 1997ರಲ್ಲಿ ಕೆಲಸದ ಆದೇಶ ಬಂತು. ಆಗ ಶಾಖೆಯಲ್ಲಿ ಅಧಿಕಾರಿ, ಭೂಮಾಪಕರು, ನಕ್ಷೆಗಾರರು, ಸಹಾಯಕರು ಎಲ್ಲ ಸೇರಿ ಒಂಬತ್ತು ಹುದ್ದೆ. ಒಂಬತ್ತೂ ಭರ್ತಿ.

"ನಾನ್ ಸೇರುವತ್ತಿಗೆ ನಂಗ್ ಕೂಕಂಬುಕೆ ಕುರ್ಚಿ ಇರ್ಲಿಲ್ಲೆ, ಸ್ಟೂಲ್ ಹಾಕಿ ಕೊಟ್ಟಿದ್ರ್" ಎನ್ನುತ್ತಾರೆ ಜಲಜ. "ಈಗ ಏಳ್ ಕುರ್ಚಿ ಖಾಲಿ ಇತ್ತ್. ಕೂಕಂಬುಕೆ ಪುರ್ಸೊತ್ತಿಲ್ಲೆ."

ಹೋದವರು ಒಬ್ಬೊಬ್ಬರಾಗಿಯೇ ಹೋದರು. ಕೆಲವರಿಗೆ ನಿವೃತ್ತಿ, ಕೆಲವರಿಗೆ ವರ್ಗ, ಒಬ್ಬರಿಗೆ ಬಡ್ತಿ. ಹೋದವರ ಜಾಗಕ್ಕೆ ಬಂದವರಿಲ್ಲ. ಅಧಿಕಾರಿ ಪ್ರೇಮಾನಂದರಿಗೆ ಇದು ಹೆಚ್ಚುವರಿ ಹೊಣೆ; ಇನ್ನೆರಡು ಊರುಗಳ ಶಾಖೆಗಳನ್ನು ಸುಧಾರಿಸಿಕೊಂಡು ಮಂಗಳವಾರ, ಶುಕ್ರವಾರ ಬಂದು ಸಹಿ ಮಾಡುತ್ತಾರೆ. ಈ ವರ್ಷ ಬೈಂದೂರು, ಬ್ರಹ್ಮಾವರಗಳು ಹೊಸ ತಾಲ್ಲೂಕುಗಳಾದವು. ಅಲ್ಲಿಯ ನಕ್ಷೆ ಕೆಲಸಕ್ಕೆ ಬೇರೆ ಏರ್ಪಾಡು ಆಗುವವರೆಗೆ ಕಡತಗಳೆಲ್ಲ ಈ ಶಾಖೆಗೇ. ತಾಲ್ಲೂಕು ಮೂರು, ಜನ ಇಬ್ಬರು. ದಿನಕ್ಕೆ ಹದಿನೆಂಟು ಇಪ್ಪತ್ತು ಅರ್ಜಿ ಬರುತ್ತವೆ. ಬಾಕಿ ಇರುವ ಕಡತಗಳನ್ನು ಜಲಜ ದೀಪಾವಳಿಯ ಮರುದಿನ ಎಣಿಸಿದ್ದಾರೆ: ಸಾವಿರದ ನಾನೂರ ಅರವತ್ತಮೂರು.

ಅಮಾಸೆಬೈಲಿನ ಕಡೆಗೊಂದು ಅಳತೆ ಇದ್ದರೆ ಘಟ್ಟದ ಬುಡದ ಆ ಊರಿಗೆ ಹೋಗಿ ಬರುವುದರಲ್ಲೇ ದಿನ ಮುಗಿಯುತ್ತದೆ. ಆ ದಿನ ಕಚೇರಿಗೆ ಬೀಗ. ಬೀಗ ಕಂಡು ವಾಪಸಾದವರು ಮರುದಿನ ಸಿಟ್ಟಿನಲ್ಲೇ ಬರುತ್ತಾರೆ. ಒಮ್ಮೆ ಒಬ್ಬರು ಅರ್ಜಿಯನ್ನು ಮೇಜಿನ ಮೇಲೆ ಎಸೆದೇ ಹೋಗಿದ್ದರು. ಜಲಜ ಅದನ್ನು ಎತ್ತಿ, ಮಡಿಕೆ ಬಿಡಿಸಿ, ಸರದಿಯ ಸಂಖ್ಯೆ ಹಾಕಿ ಇಟ್ಟರಂತೆ. ಅವರದು ನ್ಯಾಯವಾದ ಸಿಟ್ಟು ಎನ್ನುತ್ತಾರೆ. ಬೆಳಿಗ್ಗೆ ಏಳೂವರೆಗೇ ತನ್ನ ಮನೆಯಿರುವ ಗಂಗೊಳ್ಳಿಯಿಂದ ದೋಣಿ ದಾಟಿ ಬಂದು ಬಾಗಿಲು ತೆಗೆಯುವ ರೂಢಿ ಅಂದಿನಿಂದ ಶುರುವಾಯಿತು. ಜನ ಬರುವ ಮೊದಲು ಎರಡೂವರೆ ತಾಸು ಸಿಗುತ್ತದೆ, ಅಷ್ಟರಲ್ಲಿ ಒಂದು ನಕ್ಷೆ ಮುಗಿಯುತ್ತದೆ.

ಇಷ್ಟೆಲ್ಲದರ ನಡುವೆ ಅಕ್ಟೋಬರ್ ಕೊನೆಗೆ ಕಾಂಡ್ಲಕುದ್ರುವಿನ ಕಡತ ಬಂತು. ಮೂವತ್ತೇಳು ಮನೆಗಳ ಕುದ್ರು ಅದು. ಹೆಚ್ಚಿನವರು ಮೀನುಗಾರರು. ಶಾಲೆಗೆ, ಆಸ್ಪತ್ರೆಗೆ, ಮಾರುಕಟ್ಟೆಗೆ ದೋಣಿಯೇ ದಾರಿ. ಮಳೆಗಾಲದಲ್ಲಿ ಹೊಳೆ ಕೆಂಪಾಗಿ ಉಕ್ಕಿದರೆ ಅದೂ ಇಲ್ಲ. ಈ ವರ್ಷದ ಆಷಾಢದಲ್ಲಿ ಅಲ್ಲಿಯ ಮಕ್ಕಳು ಹದಿನಾರು ದಿನ ಶಾಲೆಯ ಮುಖ ನೋಡಿರಲಿಲ್ಲ. ವರ್ಷಗಳ ಓಡಾಟದ ಮೇಲೆ ಅವರಿಗೊಂದು ಕಾಲುಸಂಕ, ಎಂದರೆ ನಡೆದು ದಾಟುವ ಸೇತುವೆ, ಮಂಜೂರಾಗುವ ಹಂತಕ್ಕೆ ಬಂದಿತ್ತು. ಆದರೆ ಸಂಕದ ಕಂಬ ಯಾರ ನೆಲದಲ್ಲಿ ಇಳಿಯುತ್ತದೆ? ತೋರಿಸಲು ನಕ್ಷೆಯೇ ಇಲ್ಲ. ಇದ್ದ ಹಳೆಯದರಲ್ಲಿ ಕುದ್ರುವಿನ ಹೊರಗೆರೆ ಮತ್ತು ಮೂರು ಗಡಿಕಲ್ಲುಗಳ ಗುರುತು ಬಿಟ್ಟರೆ ಒಂದು ಮನೆಯೂ ಕಾಣದು. ಮನೆಗಳಿಗೆ ಹಕ್ಕುಪತ್ರ ಇಲ್ಲದಿರುವುದಕ್ಕೂ ಅದೇ ಕಾರಣ. ನವೆಂಬರ್ ಮೂರನೆಯ ಸೋಮವಾರದೊಳಗೆ ಹೊಸ ನಕ್ಷೆ ತಲುಪದಿದ್ದರೆ ಈ ಸಲದ ಪಟ್ಟಿಯಿಂದ ಹೆಸರು ಬಿಡುತ್ತದೆ ಎಂದು ಕಡತದ ಜೊತೆಗಿದ್ದ ಪತ್ರದಲ್ಲಿತ್ತು.

ಭೂಮಾಪಕರ ಹುದ್ದೆ ಖಾಲಿ, ಆದ್ದರಿಂದ ಸಾಧ್ಯವಿಲ್ಲ ಎಂದು ಬರೆದು ಕಳಿಸಿದರೆ ಯಾರೂ ತಪ್ಪು ಹೇಳುತ್ತಿರಲಿಲ್ಲ. ಪ್ರೇಮಾನಂದರು ಹಾಗೆಯೇ ಬರೆಯಲು ಕೂತಿದ್ದರಂತೆ. ಜಲಜ ತನ್ನ ಹಳೆಯದೊಂದು ಪ್ರಮಾಣಪತ್ರ ತಂದು ಅವರ ಮುಂದಿಟ್ಟರು. 2001ರಲ್ಲಿ ಮೂರು ತಿಂಗಳ ಅಳತೆ ತರಬೇತಿ ಮುಗಿಸಿದ್ದಕ್ಕೆ ಕೊಟ್ಟದ್ದು. ಹದಿನೇಳು ವರ್ಷ ಯಾರೂ ಅದನ್ನು ಕೇಳಿರಲಿಲ್ಲ. ಅಧಿಕಾರಿ ಓದಿ ನೋಡಿದರು. ಅದೇ ದಿನ ಜಿಲ್ಲಾ ಕಚೇರಿಗೆ ಫೋನು ಮಾಡಿ ಯಂತ್ರ ಕೇಳಿದರು.

ಮೊದಲ ನಾಲ್ಕು ದಿನದಲ್ಲಿ ಮೂವತ್ತೇಳು ಮನೆ, ಒಂಬತ್ತು ಬಾವಿ, ಕಾಲುದಾರಿಗಳು ಎಲ್ಲ ಅಳತೆಗೆ ಸಿಕ್ಕಿವೆ. ಎರಡು ಗಡಿಕಲ್ಲುಗಳೂ ಸಿಕ್ಕಿವೆ. ಮೂರನೆಯದು ಇಲ್ಲ. ಮೂರೂ ತಾಳೆಯಾಗದೆ ಹೊಸ ನಕ್ಷೆಯನ್ನು ಹಳೆಯದರ ಮೇಲೆ ಕೂರಿಸುವಂತಿಲ್ಲ. ಹಾಗೆ ಕಳಿಸಿದರೆ ಬಂದ ದಾರಿಯಲ್ಲೇ ವಾಪಸು ಬರುತ್ತದೆ. ಪಡುವಣ ಅಂಚು ಭರತದ ನೀರಿನಲ್ಲಿ ಮುಳುಗುವ ಜಾಗ. ಇಳಿತದ ಹೊತ್ತಿನಲ್ಲಿ ಎರಡು ತಾಸು ಮಾತ್ರ ನೆಲ ಕಾಣುತ್ತದೆ. ಶುಕ್ರವಾರದ ಆ ಎರಡು ತಾಸು ಹುಡುಕಿದರೂ ಕೆಸರಿನಲ್ಲಿ ಚಿಪ್ಪು ಬಿಟ್ಟು ಬೇರೇನೂ ಸಿಗುವುದಿಲ್ಲ. ನೀರು ಏರಿದ ಮೇಲೆ ಇಬ್ಬರೂ ಕಾಲು ತೊಳೆಯಲು ಹತ್ತಿರದ ಮನೆಯ ಬಾವಿಕಟ್ಟೆಗೆ ಹೋಗುತ್ತಾರೆ. ಅದು ಸುಂದರಿ ಎಂಬ ಎಪ್ಪತ್ತೆರಡರ ಅಜ್ಜಿಯ ಮನೆ.

ಕೊಡಪಾನದ ನೀರು ಹೊಯ್ದುಕೊಳ್ಳುತ್ತಿದ್ದ ದುಗ್ಗಪ್ಪ ಹಾಗೆಯೇ ನಿಲ್ಲುತ್ತಾರೆ. ಕೂತು, ಬಟ್ಟೆ ಒಗೆಯುವ ಕಲ್ಲಿನ ಮಗ್ಗುಲನ್ನು ಅಂಗೈಯಿಂದ ಉಜ್ಜುತ್ತಾರೆ. ಪಾಚಿಯ ಅಡಿಯಲ್ಲಿ ಉಳಿಯಿಂದ ಕೊರೆದ ಬಾಣದ ಗುರುತು. ಜಲಜ ಪಕ್ಕದಲ್ಲಿ ಕೂರುತ್ತಾರೆ. ಮೂರನೆಯ ಕಲ್ಲು ಸಿಕ್ಕಿದೆ. ಆದರೆ ಎಲ್ಲಿರಬೇಕೋ ಅಲ್ಲಿಲ್ಲ. ಜಾಗ ಬಿಟ್ಟ ಕಲ್ಲಿಗೆ ಲೆಕ್ಕದಲ್ಲಿ ಬೆಲೆಯಿಲ್ಲ.

ಅವರ ಮುಖ ಕಂಡು ಅಜ್ಜಿಗೆ ಗಾಬರಿ.

"ಇದ್ ಸರ್ಕಾರದ್ ಕಲ್ಲಾ ಮಗಾ? ನಾನ್ ಮದಿಯಾಯಿ ಈ ಮನಿಗೆ ಬಂದಾಗ್ಳಿಂದ ಇದ್ರ್ ಮೇಲೇ ಒಗೂದ್. ನಮ್ಮನ್ ಇಲ್ಲಿಂದ ಏಳ್ಸ್ತ್ರಾ ಈಗ?"

"ಏಳ್ಸುಕಲ್ಲ ಅಜ್ಜಿ" ಎನ್ನುತ್ತಾರೆ ಜಲಜ. "ಕೂರ್ಸುಕೆ ಬಂದದ್."

ಅಜ್ಜಿಗೆ ಧೈರ್ಯ ಬಂದ ಮೇಲೆ ಮಾತು ಹೊರಡುತ್ತದೆ. ಯಾವುದೋ ದೊಡ್ಡ ನೆರೆಗೆ ಕಲ್ಲು ಬುಡ ಸಡಿಲವಾಗಿ ಮಗುಚಿ ಬಿದ್ದಿತ್ತಂತೆ. ಅಜ್ಜಿಯ ಅತ್ತೆ ಅದನ್ನು ಉರುಳಿಸಿ ತರಿಸಿದ್ದರಂತೆ. ಎಲ್ಲಿಂದ? ಪಡುದಿಕ್ಕಿನಲ್ಲಿ ಒಂದು ಹೊನ್ನೆಮರ ಇತ್ತು, ಅದರಿಂದ ಸ್ವಲ್ಪ ಕೆಳಗೆ. ಮರ ಈಗಿಲ್ಲ. ಅಜ್ಜಿ ಅಂಗಳದಲ್ಲಿ ನಿಂತು ಕೈ ಚಾಚಿ ತೋರಿಸುತ್ತಾರೆ. ಜಲಜ ಸಿಕ್ಕ ಎರಡು ಕಲ್ಲುಗಳಿಂದ ಹಳೆಯ ನಕ್ಷೆಯ ಅಳತೆ ಹಿಡಿದು ಲೆಕ್ಕ ಹಾಕಿದ ಬಿಂದು, ಅಜ್ಜಿಯ ಬೆರಳು ತೋರಿಸಿದ ಕಡೆಯೇ ಬೀಳುತ್ತದೆ. ಲೆಕ್ಕ ಸರಿಯೆಂದು ಒಪ್ಪಿಸಲು ನೆಲದಲ್ಲಿ ಏನಾದರೊಂದು ಸಾಕ್ಷಿ ಬೇಕು. ಆಗ ದುಗ್ಗಪ್ಪ, ಮೂವತ್ತನಾಲ್ಕು ವರ್ಷದ ಹಿಂದೆ ತನಗೆ ಸರಪಳಿ ಹಿಡಿಯಲು ಕಲಿಸಿದ ಕಿಟ್ಟ ಎಂಬವರು ಹೇಳಿದ್ದ ಮಾತನ್ನು ತೆಗೆಯುತ್ತಾರೆ.

"ಹಳೀ ಕಾಲ್ದವ್ರ್ ಕಲ್ಲ್ ನೆಡುವತ್ತಿಗೆ ಬುಡಕ್ಕೆ ಇದ್ದಿಲ್ ಹಾಕ್ತಿದ್ರಂಬ್ರ್. ಕಲ್ಲ್ ಹೊತ್ಕಂಡ್ ಹೋಯ್ಲಕ್ಕ್. ಇದ್ದಿಲ್ ಯಾರ್ ಹೊರ್ತ್ರ್?"

ಶನಿವಾರ. ಕೊನೆಯ ದಿನ. ಸಂಜೆ ಐದಕ್ಕೆ ಯಂತ್ರ ತೆಗೆದುಕೊಂಡು ಹೋಗಲು ಜೀಪು ಬರುತ್ತದೆ. ಬೆಳಕು ಹರಿಯುವ ಹೊತ್ತಿಗೆ ಕುದ್ರುವಿನ ಅರ್ಧ ಜನ ಪಡುವಣ ಅಂಚಿನಲ್ಲಿ ನೆರೆದಿದ್ದಾರೆ. ಜಲಜ ಯಂತ್ರದ ಹಿಂದೆ ನಿಂತು ದುಗ್ಗಪ್ಪನವರನ್ನು ಎಡಕ್ಕೆ, ಬಲಕ್ಕೆ, ಅರ್ಧ ಹೆಜ್ಜೆ ಹಿಂದಕ್ಕೆ ಸರಿಸುತ್ತಾರೆ. ಬಿಂದು ಸಿಕ್ಕಲ್ಲಿ ಗೂಟ. ಜಲಜರ ಗಂಡ ರತ್ನಾಕರ ಗಂಗೊಳ್ಳಿಯ ಮಂಜುಗಡ್ಡೆ ಕಾರ್ಖಾನೆಯಲ್ಲಿ ಕೆಲಸ ಮಾಡುವವರು. ಇಂದು ರಜೆ ಹಾಕಿ ಹಾರೆ ಹಿಡಿದು ಬಂದಿದ್ದಾರೆ. ಅಗೆತ ಶುರುವಾಗುತ್ತದೆ.

ಒಂದು ಮೊಳ ಮರಳು. ಎರಡನೆಯ ಮೊಳಕ್ಕೆ ಕಪ್ಪು ಕೆಸರು, ಒಳಗಿನಿಂದ ನೀರು. ಇಬ್ಬರು ಅಗೆದರೆ ಇಬ್ಬರು ನೀರು ತೋಡಿ ಚೆಲ್ಲುತ್ತಾರೆ. ಒಂದು ತಾಸು ಕಳೆಯುತ್ತದೆ. ಇದ್ದಿಲಿನ ಚೂರೂ ಇಲ್ಲ. ಅತ್ತ ಹೊಳೆ ತಿರುಗಿದೆ. ಭರತದ ಮೊದಲ ನೀರು ಕಾಂಡ್ಲ ಬೇರುಗಳ ನಡುವೆ ನುಗ್ಗುತ್ತಿದೆ. ಜಲಜ ಪುಸ್ತಕ ತೆರೆದು ಅಂಕಿಗಳನ್ನು ಮತ್ತೆ ಕೂಡುತ್ತಾರೆ, ಮತ್ತೆ ಕಳೆಯುತ್ತಾರೆ. ನನ್ನ ಲೆಕ್ಕವೇ ತಪ್ಪಿರಬೇಕು, ನಿಲ್ಲಿಸುವ ಎಂದು ಮೆಲ್ಲಗೆ ಹೇಳುತ್ತಾರೆ.

ಹೊಂಡದೊಳಗೆ ಸೊಂಟದವರೆಗೆ ಇಳಿದಿದ್ದ ದುಗ್ಗಪ್ಪ ತಲೆ ಎತ್ತುವುದಿಲ್ಲ. "ಲೆಕ್ಕ ತಪ್ಪಲಿಲ್ಲೆ ಮೇಡಂ. ಹೊಳಿ ಇಷ್ಟ್ ವರ್ಷ ಮಣ್ಣ್ ತಂದ್ ಹಾಕಿತ್ತ್. ಇನ್ನೊಂದ್ ಮೊಳ ಹೋಯ್ಕ್."

ಹಾರೆಗೆ ಏನೋ ತಾಗಿ ಬೇರೆಯೇ ಸದ್ದು. ದುಗ್ಗಪ್ಪ ಹಾರೆ ಬಿಟ್ಟು ಕೈ ಹಾಕುತ್ತಾರೆ. ಮೊದಲು ಬಂದದ್ದು ಒಡೆದ ಮಡಕೆಯ ಚೂರು. ಆಮೇಲೆ ಮುಷ್ಟಿ ತುಂಬ ಕಪ್ಪು. ಹೊಳೆಯ ನೀರಿನಲ್ಲಿ ಅದ್ದಿ ಕೈ ಬಿಡಿಸಿದರೆ ಕೆಸರು ಕರಗಿ ಹೋಗಿ ಅಂಗೈಯಲ್ಲಿ ಇದ್ದಿಲಿನ ತುಂಡುಗಳು ಉಳಿಯುತ್ತವೆ. ಅವರು ಕೈಯನ್ನು ಮೇಲಕ್ಕೆತ್ತಿ ಎಲ್ಲರಿಗೂ ತೋರಿಸುತ್ತಾರೆ. ಜನರ ಕೂಗಿಗೆ ಕಾಂಡ್ಲದಲ್ಲಿದ್ದ ಕೊಕ್ಕರೆಗಳು ಒಟ್ಟಿಗೆ ಏಳುತ್ತವೆ. ಜಲಜರಿಗೆ ಕೂಗಲು ಪುರುಸೊತ್ತಿಲ್ಲ. ಹೊಂಡದ ನಡುವಿಗೆ ಕೋಲು ನಿಲ್ಲಿಸಿ, ಫೋಟೊ ತೆಗೆಸಿ, ಊರಿನ ನಾಲ್ವರ ಸಹಿ ಪಡೆದು, ನೀರು ಪಾದಕ್ಕೆ ಬರುವ ಮೊದಲು ಕೊನೆಯ ಅಳತೆ ಹಿಡಿಯುತ್ತಾರೆ. ಅವರ ಗೂಟಕ್ಕೂ ಇದ್ದಿಲಿಗೂ ಇದ್ದ ವ್ಯತ್ಯಾಸ ನಾಲ್ಕು ಬೆರಳು. ನೂರಕ್ಕೂ ಹೆಚ್ಚು ವರ್ಷದ ಹಿಂದೆ ಕಬ್ಬಿಣದ ಸರಪಳಿ ಎಳೆದು ಅಳೆದವರ ಕೆಲಸ ಕಂಡು ಅವರಿಗೆ ಆದ ಸಂತೋಷ, ತನ್ನ ಲೆಕ್ಕ ಸರಿಹೋದದ್ದಕ್ಕಿಂತ ದೊಡ್ಡದು. ಯಾರೋ ಅವ್ರ್, ಹೆಸ್ರೂ ಗೊತ್ತಿಲ್ಲೆ ಎಂದು ದೋಣಿಯಲ್ಲಿ ವಾಪಸು ಬರುವಾಗ ಎರಡು ಸಲ ಹೇಳುತ್ತಾರೆ.

ಭಾನುವಾರ ಬೆಳಿಗ್ಗೆ ಆರಕ್ಕೆ ಕಚೇರಿಯ ಬಾಗಿಲು ತೆರೆಯುತ್ತದೆ. ಖಾಲಿ ಮೇಜುಗಳೆರಡನ್ನು ಜೋಡಿಸಿ ಹಾಳೆ ಹರವಿ ಜಲಜ ಬರೆಯಲು ಕೂರುತ್ತಾರೆ. ದುಗ್ಗಪ್ಪ ಎದುರಿಗೆ ಕೂತು ಪುಸ್ತಕದ ಅಂಕಿಗಳನ್ನು ಗಟ್ಟಿಯಾಗಿ ಓದುತ್ತಾರೆ. ಸಂಜೆ ನಾಲ್ಕಕ್ಕೆ ಕೊನೆಯ ಗೆರೆ. ಸೋಮವಾರ ಪ್ರೇಮಾನಂದರೇ ನಕ್ಷೆಯನ್ನು ಮಡಿಕೆ ಬೀಳದಂತೆ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಉಡುಪಿಗೆ ಹೋಗಿ ಕೊಟ್ಟು ಬರುತ್ತಾರೆ. ಹನ್ನೆರಡು ದಿನದ ಮೇಲೆ ಒಪ್ಪಿಗೆಯ ಪತ್ರ. ಕಾಂಡ್ಲಕುದ್ರು ಕಾಲುಸಂಕದ ಪಟ್ಟಿಯಲ್ಲಿದೆ. ಹಕ್ಕುಪತ್ರದ ಅರ್ಜಿಗಳೂ ಮುಂದೆ ಹೋಗಿವೆ.

ನಕ್ಷೆಯ ಪ್ರತಿಯೊಂದನ್ನು ಹಿಡಿದು ಜಲಜ ಕುದ್ರುವಿಗೆ ಹೋದ ದಿನ ಸುಂದರಿ ಅಜ್ಜಿಗೆ ಮೊದಲು ಬೇಕಾದದ್ದು ತನ್ನ ಮನೆ. ಜಲಜ ಅಜ್ಜಿಯ ಬೆರಳನ್ನು ಹಿಡಿದು ಚಿಕ್ಕದೊಂದು ಚೌಕದ ಮೇಲೆ ಇಡುತ್ತಾರೆ. ಬಾವಿಯೂ ಇದೆಯಾ ಎಂದು ಅಜ್ಜಿ ಕೇಳುತ್ತಾರೆ. ಪಕ್ಕದ ಸಣ್ಣ ಸೊನ್ನೆಗೆ ಬೆರಳು ಸರಿಯುತ್ತದೆ. ಹಾಳೆಯ ಕೆಳಗೆ ಬಲಮೂಲೆಯಲ್ಲಿ ನಕ್ಷೆಗಾರರ, ಅಧಿಕಾರಿಯ ಸಹಿಗೆ ಮಾತ್ರ ಜಾಗ ಇರುವುದು ವಾಡಿಕೆ. ಈ ನಕ್ಷೆಯಲ್ಲಿ ಮೂರನೆಯ ಸಾಲೊಂದಿದೆ: ಅಳತೆ ಸಹಾಯ, ದುಗ್ಗಪ್ಪ. ಹೀಗೆ ಬರೆಯಬಹುದೇ ಎಂದು ಅಧಿಕಾರಿಯನ್ನು ಕೇಳಿದಿರಾ ಎಂದರೆ ಜಲಜ ಇಲ್ಲವೆಂದು ತಲೆಯಾಡಿಸುತ್ತಾರೆ. ಕೇಳಲಿಲ್ಲ, ಆದರೆ ಅವರು ಓದಿಯೇ ಸಹಿ ಮಾಡಿದರು.

ಸರಕಾರದಿಂದ ಏನು ಬೇಕು ನಿಮಗೆ ಎಂಬ ಪ್ರಶ್ನೆಗೆ ಅವರು ಗೋಡೆಯಲ್ಲಿ ತೂಗುಹಾಕಿದ ಹೊಳೆಯ ಹಳೆಯ ನಕ್ಷೆಯ ಕಡೆಗೆ ತಿರುಗುತ್ತಾರೆ. ಅದರಲ್ಲಿ ಅಲ್ಲಲ್ಲಿ ಪೆನ್ಸಿಲಿನಿಂದ ಸುತ್ತು ಹಾಕಿದ್ದಾರೆ.

"ಒಬ್ರನ್ನ್ ಕೊಟ್ರೆ ಸಾಕ್. ನಂಗ್ ಕೆಲ್ಸ ಕಮ್ಮಿ ಆಯ್ಕ್ ಅಂದ್ಹೇಳಿ ಅಲ್ಲ. ದುಗ್ಗಪ್ಪಣ್ಣ ರಿಟೈರ್ ಆದ್ ಮೇಲೆ ಕೋಲ್ ಹಿಡೂಕೆ ಒಂದ್ ಜನ ಇದ್ರೆ, ಇನ್ನೂ ಹನ್ನೊಂದ್ ಕುದ್ರು ಅಳೀಲಕ್ಕ್."