ಗಂಟೆಯಲ್ಲ, ಗಂಟು

"ಅಪ್ಪಾ, ನನ್ನ ಕುತ್ತಿಗೆಯಲ್ಲಿ ಗಂಟೆ ಉಂಟು" ಎಂದು ಏಳು ವರ್ಷದ ಮಗಳು ಆದ್ಯಾ ಹೇಳಿದಾಗ ನಾನು ಅವಳ ಕುತ್ತಿಗೆಯನ್ನು ಮುಟ್ಟಲಿಲ್ಲ, ವಾಕ್ಯವನ್ನು ತಿದ್ದಿದೆ. "ಗಂಟೆಯಲ್ಲ, ಗಂಟು" ಎಂದೆ. ಅವಳು ಎರಡು ಸಲ ಸರಿಯಾಗಿ ಉಚ್ಚರಿಸಿ, "ಓಕೆ" ಎಂದು ಆಟಕ್ಕೆ ಹೋದಳು. ಏಸಿಯ ಶೀತವಿರಬೇಕೆಂದು ಸುಮ್ಮನಾದೆ. ಹನ್ನೆರಡು ದಿನ ಕಳೆದವು.

ಉಡುಪಿಯಲ್ಲಿ ಇಪ್ಪತ್ತು ವರ್ಷ ವ್ಯಾಕರಣ ಕಲಿಸಿದ ನಾನು ಈಗ ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನ ಟೈಪಿಂಗ್ ಸೆಂಟರಿನಲ್ಲಿದ್ದೇನೆ. ಅಂದರೆ ಪರರ ವೀಸಾ ಅರ್ಜಿಗಳನ್ನು ತುಂಬುವ ಅಂಗಡಿಯಲ್ಲಿ. ಹೆಂಡತಿ ಸುಮನಾಗೆ ಹೋಟೆಲಿನ ಪಾಳಿ. ಊರಿನಲ್ಲಿ ಮಗುವಿನ ತಲೆಯನ್ನು ದಿನಕ್ಕೆ ನಾಲ್ಕು ಕೈಗಳಾದರೂ ಸವರುತ್ತಿದ್ದವು. ಇಲ್ಲಿ ಮೂರು ಸಂಸಾರಗಳ ಶೇರಿಂಗ್ ಫ್ಲಾಟು. ಅಡುಗೆಮನೆ ಒಂದೇ, ಬಾಗಿಲುಗಳು ಮುಚ್ಚಿಯೇ ಇರುತ್ತವೆ. ಜಡೆ ಹಾಕುವವನು ನಾನೇ. ಆದರೂ ನನಗೆ ಕಾಣಲಿಲ್ಲ.

ಕಂಡದ್ದು ಪಕ್ಕದ ಕೋಣೆಯ ನರ್ಸ್ ಲವೀನಾ ಬಾಯಿಯವರಿಗೆ. ಅಡುಗೆಮನೆಯಲ್ಲಿ ಆದ್ಯಾಳ ಗದ್ದವನ್ನೆತ್ತಿ ಬೆರಳಾಡಿಸಿದರು. "ಮಾಷ್ಟ್ರೇ, ಇದು ಶೀತದ್ದಲ್ಲ ಮಾರಾಯ್ರೇ. ಇವತ್ತೇ ಆಸ್ಪತ್ರೆಗೆ ಹೋಗಿ."

ಆದ್ಯಾಳಿಗೆ ಎರಡು ವರ್ಷವಾಗಿದ್ದಾಗ ಸುಮನಾಳ ಪಿತ್ತಜನಕಾಂಗದ ಒಂದು ಭಾಗವನ್ನು ಬೆಂಗಳೂರಿನಲ್ಲಿ ಕಸಿ ಮಾಡಿದ್ದರು. ಅದನ್ನು ದೇಹವು ಪರಕೀಯವೆಂದು ತಿರಸ್ಕರಿಸದಿರಲು ಕೊಡುವ ಮಾತ್ರೆಯನ್ನು ನಾನು ಐದು ವರ್ಷ ಒಂದು ಹೊತ್ತೂ ತಪ್ಪಿಸಿರಲಿಲ್ಲ. ಅದೇ ಮಾತ್ರೆ ದೇಹದ ಕಾವಲನ್ನು ಮಂಕಾಗಿಸಿತ್ತು. ಎಲ್ಲರಿಗೂ ಬಂದುಹೋಗುವ ವೈರಾಣುವೊಂದು ಬಿಳಿಯ ರಕ್ತಕಣಗಳನ್ನು ಹದ್ದುಮೀರಿ ಬೆಳೆಸಿ ಗಂಟು ಕಟ್ಟಿಸಿತ್ತು. ಕಸಿಯಾದ ಮಕ್ಕಳಲ್ಲಿ ಬರುವ ಒಂದು ಬಗೆಯ ಗೆಡ್ಡೆಯಿದು ಎಂದ ಇಲ್ಲಿಯ ವೈದ್ಯರು ಮೊದಲ ಚಿಕಿತ್ಸೆಯಾಗಿ ಮಾತ್ರೆಯನ್ನು ತಗ್ಗಿಸಲು ಹೇಳಿದರು. "ಶ್ವಯ್ ಶ್ವಯ್" ಎಂದರು, ಸ್ವಲ್ಪ ಸ್ವಲ್ಪವಾಗಿ. ತಗ್ಗಿಸಿದರೆ ಪಿತ್ತಜನಕಾಂಗ ಉಳಿಯುವುದೇ ಎಂದು ಕೇಳಿದೆ. ನೋಡೋಣ ಎಂದರು. ಹನ್ನೆರಡು ದಿನ ತಡವಾದದ್ದರಿಂದ ಏನಾಯಿತೆಂದು ಮಾತ್ರ ನಾನು ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಅರ್ಧ ಮಾತ್ರೆ ಕೊಟ್ಟು ಉಳಿದರ್ಧವನ್ನು ಅಂಗೈಯಲ್ಲಿ ಹಿಡಿದು ನಿಂತೆ. ಅಳು ಬರಲಿಲ್ಲ. ಕೆಲಸಕ್ಕೆ ಹೋಗಿ ಹದಿನಾರು ಅರ್ಜಿಗಳನ್ನು ತಪ್ಪಿಲ್ಲದೆ ತುಂಬಿದೆ.

ಆರು ವಾರಗಳಲ್ಲಿ ಗಂಟು ಕುಗ್ಗಿದೆ; ಪಿತ್ತಜನಕಾಂಗದ ಅಂಕಿಗಳು ಏರಿವೆ, ಅಂದರೆ ದೇಹ ಅದನ್ನು ತಿರಸ್ಕರಿಸತೊಡಗಿರಬಹುದು. ಕಸಿ ಮಾಡಿದವರು ಅಲ್ಲಿ, ಗಂಟು ನೋಡುವವರು ಇಲ್ಲಿ. ಅವಳ ರಕ್ತದ ವರದಿ ಎರಡೂ ಕಡೆಗೆ ಹೋಗುತ್ತದೆ. ಆಸ್ಪತ್ರೆಯಿಂದ ಹೊರಬಂದಾಗ ಆದ್ಯಾ "ಲೆಟ್ಸ್ ಗೋ ಹೋಮ್" ಎನ್ನುತ್ತಾಳೆ. ಅವಳ ಮನಸ್ಸಿನಲ್ಲಿರುವುದು ಈ ಒಂದು ಕೋಣೆ.

ಮೊನ್ನೆ ಉಡುಪಿಯಿಂದ ಅಕ್ಕ ಫೋನ್ ಮಾಡಿ, "ಮಗುವನ್ನು ಕರ್ಕೊಂಡು ಊರಿಗೆ ಯಾವಾಗ ಬರುದು?" ಎಂದು ಕೇಳಿದಳು. ಹಿಂದೆಲ್ಲ "ಬರುತ್ತೇವೆ" ಎನ್ನುತ್ತಿದ್ದೆ. ಆದರೆ ಆದೀತು, ಆಗದೆಯೂ ಇರಬಹುದು ಎನ್ನುವ ಸಂಭಾವನಾರ್ಥಕ ರೂಪವನ್ನು ಎಷ್ಟೋ ತರಗತಿಗಳಿಗೆ ಕಲಿಸಿದ್ದೇನೆ. ಮನೆಯ ಮಾತಿನಲ್ಲಿ ಎಂದೂ ಬಳಸಿದವನಲ್ಲ.

"ಬಂದೇವು" ಎಂದೆ.

"ಅದೆಂತ, ಫೋನಲ್ಲಿಯೂ ಪಾಠ ಮಾಡುದಾ ನೀನು?" ಎಂದು ಅಕ್ಕ ನಕ್ಕಳು.